ಸಡಿಲ ರೆಪ್ಪೆಗೆ ಫೋಟೊ ಅಳತೆ

ಅಜ್ಜನ ಕಣ್ಣಿನಿಂದ ಸದಾ ನೀರು ಸೋರುತ್ತಿದ್ದರೆ ‘ವಯಸ್ಸಾಯಿತಲ್ಲ’ ಎಂದು ಮನೆಯವರು ಸುಮ್ಮನಾಗುವುದುಂಟು. ಕಣ್ಣೀರು ಸೋರಲು ಕಾರಣಗಳು ಹಲವು. ಅವುಗಳಲ್ಲಿ ಒಂದು ನಮಗೆ ಬೇಗ ಹೊಳೆಯುವುದಿಲ್ಲ. ಅದು ರೆಪ್ಪೆಯ ಬಿಗಿ ತಪ್ಪಿರುವುದು.

ಕಣ್ಣುರೆಪ್ಪೆ ಬರೀ ಚರ್ಮದ ಪರದೆಯಲ್ಲ. ಅದರೊಳಗೆ ಟಾರ್ಸಲ್ ಫಲಕವೆಂಬ ಗಟ್ಟಿ ಅಂಗಾಂಶದ ಪಟ್ಟಿಯಿದೆ. ಪಟ್ಟಿಯ ಎರಡೂ ತುದಿಗಳನ್ನು ಬಲವಾದ ತಂತುಗಳು ಕಣ್ಣುಗೂಡಿನ ಮೂಳೆಗೆ ಬಿಗಿದಿವೆ. ಹಗ್ಗ ಸಡಿಲವಾದರೆ ತೊಟ್ಟಿಲು ಜೋತುಬೀಳುವಂತೆ, ಈ ಕಟ್ಟು ಸಡಿಲವಾದರೆ ಕೆಳರೆಪ್ಪೆ ಗುಡ್ಡೆಯಿಂದ ದೂರ ಸರಿಯುತ್ತದೆ. ರೆಪ್ಪೆಯಂಚಿನ ಪುಟ್ಟ ರಂಧ್ರದ ಮೂಲಕ ಮೂಗಿಗೆ ಇಳಿಯಬೇಕಾದ ಕಣ್ಣೀರು ಆಗ ಕೆನ್ನೆಗೆ ಹರಿಯುತ್ತದೆ. ರೆಪ್ಪೆ ಪೂರ್ತಿ ಮುಚ್ಚದಿದ್ದರೆ ಕಾರ್ನಿಯಾ ಒಣಗಿ ಹುಣ್ಣಾಗಬಹುದು; ದೃಷ್ಟಿಗೇ ಸಂಚಕಾರ ಬರಬಹುದು.

ಮೇಲಿನ ರೆಪ್ಪೆಯೂ ಹೀಗೆ ರಬ್ಬರಿನಂತೆ ಸಡಿಲವಾಗುವುದುಂಟು. 1981ರಲ್ಲಿ ಕಲ್ಬರ್ಟ್‌ಸನ್ ಮತ್ತು ಆಸ್ಲರ್ ಎಂಬ ವೈದ್ಯರು ಇದನ್ನು ವಿವರಿಸಿ ‘ಫ್ಲಾಪಿ ಐಲಿಡ್ ಸಿಂಡ್ರೋಮ್’ ಎಂದು ಕರೆದರು. ನಿದ್ದೆಯಲ್ಲಿ ರೆಪ್ಪೆ ಮಗುಚಿಕೊಂಡು ದಿಂಬಿಗೆ ಉಜ್ಜುತ್ತದೆ. ಬೆಳಿಗ್ಗೆ ಕಣ್ಣು ಕೆಂಪಾಗಿರುತ್ತದೆ. ಇಂಥವರಲ್ಲಿ ಅನೇಕರಿಗೆ ಜೋರಾಗಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ನಿಲ್ಲುವ ತೊಂದರೆಯೂ ಇರುತ್ತದೆಂದು ನಂತರ ತಿಳಿಯಿತು. ರೆಪ್ಪೆಯ ಸಡಿಲತೆಯನ್ನು ಅಲಕ್ಷಿಸಬಾರದು ಎನ್ನುವುದು ಇದಕ್ಕೇ.

ಸಡಿಲವೆಂದರೆ ಎಷ್ಟು ಸಡಿಲ? ವೈದ್ಯರು ರೆಪ್ಪೆಯನ್ನು ಮೆಲ್ಲಗೆ ಮುಂದಕ್ಕೆ ಎಳೆದು ನೋಡುತ್ತಾರೆ. ಅದು ಗುಡ್ಡೆಯಿಂದ 6ರಿಂದ 8 ಮಿ.ಮೀ.ಗಿಂತ ಹೆಚ್ಚು ಈಚೆ ಬಂದರೆ ಸಡಿಲವೆಂದು ಎಣಿಸುತ್ತಾರೆ. ಆದರೆ ಮಿಟುಕುವ ಕಣ್ಣಿನ ಮುಂದೆ ಸ್ಕೇಲು ಹಿಡಿದು ಅಳೆಯುವುದು ಸುಲಭವಲ್ಲ. ಬರೀ ಕಣ್ಣಂದಾಜಿನಲ್ಲಿ ಒಬ್ಬರಿಗೆ ‘ಸ್ವಲ್ಪ’ ಎನಿಸಿದ್ದು ಇನ್ನೊಬ್ಬರಿಗೆ ‘ಬಹಳ’ ಎನಿಸೀತು. ಫೋಟೊ ತೆಗೆದಿಟ್ಟುಕೊಂಡರೆ ನಿಧಾನವಾಗಿ ಅಳೆಯಬಹುದು, ಆರು ತಿಂಗಳ ನಂತರದ ಚಿತ್ರದೊಂದಿಗೆ ಹೋಲಿಸಲೂಬಹುದು.

ಫೋಟೊದಲ್ಲಿ ಮಿ.ಮೀ. ಎಲ್ಲಿಂದ ಬಂತು? ಇಲ್ಲಿ ನೆರವಾಗುವುದು ನಿಮ್ಮ ತ್ರೈರಾಶಿ. ವಯಸ್ಕರ ಕಣ್ಣಿನ ಕಪ್ಪು ವೃತ್ತದ ಅಗಲ ಸರಾಸರಿ 11.7 ಮಿ.ಮೀ.; ಜನರಿಂದ ಜನರಿಗೆ ಹೆಚ್ಚು ವ್ಯತ್ಯಾಸವಿಲ್ಲ. ನೇರ ಮುಂದಿನಿಂದ ತೆಗೆದ ಚಿತ್ರದಲ್ಲಿ ಆ ವೃತ್ತ 234 ಪಿಕ್ಸೆಲ್ ಅಗಲವಿದ್ದರೆ 1 ಮಿ.ಮೀ.ಗೆ 20 ಪಿಕ್ಸೆಲ್ ಆಯಿತು. ಪಾಪೆಯ ನಡುವಿನಿಂದ ಕೆಳರೆಪ್ಪೆಯ ಅಂಚಿಗೆ 140 ಪಿಕ್ಸೆಲ್ ಇದ್ದರೆ ದೂರ 7 ಮಿ.ಮೀ. ಸಾಮಾನ್ಯವಾಗಿ ಅದು 5 ಮಿ.ಮೀ. ಆಸುಪಾಸಿನಲ್ಲಿರುತ್ತದೆ.

ರೆಪ್ಪೆ ಮುಂದಕ್ಕೆ ಎಷ್ಟು ಬಂತೆಂದು ನೋಡಲು ಪಕ್ಕದಿಂದ ಚಿತ್ರ ತೆಗೆಯಬೇಕು. ಅಲ್ಲಿ ಕಪ್ಪು ವೃತ್ತ ಪೂರ್ತಿ ಕಾಣದು. ಆದ್ದರಿಂದ ಗೊತ್ತಾದ ಅಳತೆಯ ಚೀಟಿಯೊಂದನ್ನು ಅಂಟಿಸಬೇಕು. ಅದು ರೆಪ್ಪೆಯಷ್ಟೇ ದೂರದಲ್ಲಿರಬೇಕು. ಕ್ಯಾಮೆರಾದಿಂದ ರೆಪ್ಪೆ 50 ಸೆಂ.ಮೀ. ದೂರದಲ್ಲಿದ್ದು, ಚೀಟಿ 2.5 ಸೆಂ.ಮೀ. ಹತ್ತಿರವಿದ್ದರೆ 8 ಮಿ.ಮೀ. ಎಳೆತ 7.6 ಎಂದು ತೋರುತ್ತದೆ!

ರೆಪ್ಪೆಯನ್ನು ಕೆಳಗೆಳೆದು ಬಿಟ್ಟಾಗ ಮರಳುವ ವೇಗವೂ ಮುಖ್ಯ. ಬಿಗಿಯಾದ ರೆಪ್ಪೆ ತಟ್ಟನೆ ಸ್ವಸ್ಥಾನ ಸೇರುತ್ತದೆ. ಸೆಕೆಂಡಿಗೆ 30 ಚಿತ್ರಗಳ ವಿಡಿಯೊದಲ್ಲಿ 15 ಚಿತ್ರ ಕಳೆದ ಮೇಲೆ ಮರಳಿದರೆ ಅರ್ಧ ಸೆಕೆಂಡು ಹಿಡಿಯಿತೆಂದು ಎಣಿಸಬಹುದು.

ಆದರೆ ಕ್ಯಾಮೆರಾಕ್ಕೆ ಗೊತ್ತಾಗದ ಸಂಗತಿಯೊಂದಿದೆ: ಬೆರಳು ಎಷ್ಟು ಬಲದಿಂದ ಎಳೆಯಿತು? ಹುಕ್‌ನ ನಿಯಮ ಓದಿದವರಿಗೆ ಇದು ಅರ್ಥವಾಗುತ್ತದೆ. ತೂಗುಹಾಕಿದ ತೂಕ ಗೊತ್ತಿಲ್ಲದೆ ಸ್ಪ್ರಿಂಗು ಎಷ್ಟು ಉದ್ದವಾಯಿತೆಂದು ಹೇಳಿದರೆ ಪ್ರಯೋಜನವೇನು? ಪ್ರತಿ ಸಲವೂ ಒಂದೇ ಬಲ, ಒಂದೇ ಕೋನ, ಒಂದೇ ದೂರ ಇದ್ದಾಗ ಮಾತ್ರ ಎರಡು ಚಿತ್ರಗಳನ್ನು ಹೋಲಿಸಬಹುದು.

ವಿದ್ಯಾರ್ಥಿಗಳೇ, ಯಾರ ರೆಪ್ಪೆಯನ್ನೂ ಎಳೆದು ನೋಡಬೇಡಿ. ಬದಲಿಗೆ ಗೋಡೆಗೆ ಒಂದು ಪೆನ್ಸಿಲನ್ನೂ ಅದರ ಪಕ್ಕದಲ್ಲೇ ಒಂದು ನಾಣ್ಯವನ್ನೂ ಅಂಟಿಸಿ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ನಾಣ್ಯದ ವ್ಯಾಸವನ್ನು ಸ್ಕೇಲಿನಿಂದ ಅಳೆದು, ಚಿತ್ರದಿಂದ ಪೆನ್ಸಿಲಿನ ಉದ್ದ ಲೆಕ್ಕಹಾಕಿ. ಬಳಿಕ ನಾಣ್ಯವನ್ನು ಗೋಡೆಯಿಂದ ಐದು ಸೆಂ.ಮೀ. ಮುಂದೆ ಹಿಡಿದು ಮತ್ತೆ ಲೆಕ್ಕಹಾಕಿ. ಉತ್ತರ ಎಷ್ಟು ಕಡಿಮೆಯಾಯಿತೆಂದು ಬರೆದಿಡಿ.

ಪೋಷಕರಿಗೆ ಒಂದು ಮಾತು. ಮೊಬೈಲ್ ಚಿತ್ರ ನೋಡಿ ಮನೆಯಲ್ಲೇ ರೋಗ ನಿರ್ಧರಿಸಬೇಡಿ. ಹಿರಿಯರ ಕಣ್ಣು ಸದಾ ಸೋರುತ್ತಿದ್ದರೆ, ಕೆಳರೆಪ್ಪೆ ಹೊರಮಗುಚಿದ್ದರೆ ಕಣ್ಣಿನ ವೈದ್ಯರಿಗೆ ತೋರಿಸಿ. ಗೊರಕೆಯ ನಡುವೆ ಉಸಿರು ನಿಲ್ಲುತ್ತಿದ್ದರೆ ಅದನ್ನೂ ಮರೆಯದೆ ಹೇಳಿ.