ಕೊಂಡ ಕೀಲಿ, ಗಳಿಸಿದ ಕೀಲಿ

ಪುಷ್ಯದ ಮಳೆ ನಮ್ಮ ಬಾಳ್ಳುಪೇಟೆಯಲ್ಲಿ ಬಿಡುವಿಲ್ಲದೆ ಹೊಯ್ಯುತ್ತಿದ್ದುದರಿಂದ ಶಾಲೆಗೆ ರಜೆ ಸಾರಿದ್ದರು. ಜಗುಲಿಯಲ್ಲಿ ಮೊಬೈಲು ಹಿಡಿದು ಮಗ್ನನಾಗಿದ್ದ ನನ್ನ ಮೊಮ್ಮಗನು ಮೆಲ್ಲನೆ ಬಳಿಗೆ ಬಂದು, “ತಾತ, ನೂರು ರೂಪಾಯಿ ಕೊಡುತ್ತೀರಾ? ಒಂದು ಬೀಗದ ಕೈ ಕೊಳ್ಳಬೇಕು” ಎಂದನು.

“ಯಾವ ಬಾಗಿಲಿಗಪ್ಪಾ?”

“ಆಟದ ಕೋಟೆಯದು. ಮೂರು ದಿನ ಹುಡುಕಿದರೂ ಸಿಕ್ಕಲಿಲ್ಲ.”

ಇಲ್ಲದ ಬಾಗಿಲಿಗೆ ಇಲ್ಲದ ಬೀಗ. ಅದಕ್ಕೆ ಇರುವ ಹಣ! ಗದರಿಸಬೇಕೆಂದಿದ್ದವನು, ಹುಡುಗನ ಮುಖವನ್ನು ಕಂಡು, ಆಟವನ್ನು ವಿವರಿಸೆಂದೆನು.

ಈ ಬಗೆಯ ಕೀಲಿಗಳು ಹೊಸವಲ್ಲವಂತೆ. 1980ರಲ್ಲಿ ವಾರೆನ್ ರಾಬಿನೆಟ್ ಎಂಬವರು ರಚಿಸಿದ ‘ಅಡ್ವೆಂಚರ್’ ಎಂಬ ಆಟದಲ್ಲಿ ಮೂರು ಕೋಟೆಗಳಿಗೆ ಮೂರು ಕೀಲಿಗಳು. ಆಡುವವನು ಒಮ್ಮೆಗೆ ಒಂದೇ ವಸ್ತುವನ್ನು ಒಯ್ಯಬಲ್ಲನು. ಕೀಲಿಯನ್ನು ಹಿಡಿಯಬೇಕಾದರೆ ಕತ್ತಿಯನ್ನು ಕೆಳಗಿಡಬೇಕು. 1996ರ ‘ಸೂಪರ್ ಮಾರಿಯೋ 64’ರಲ್ಲಿ ಎಂಟು ನಕ್ಷತ್ರಗಳನ್ನು ಕೂಡಿಸಿ, ವೈರಿಯನ್ನು ಗೆದ್ದಲ್ಲದೆ ನೆಲಮಾಳಿಗೆಯ ಕೀಲಿ ಕೈಸೇರದು.

ಇದನ್ನು ಕೇಳಿ ನನಗೆ ನಮ್ಮ ಚೌಕಾಬಾರದ ನೆನಪಾಯಿತು. ಇಪ್ಪತ್ತೈದು ಮನೆ, ನಾಲ್ಕು ಕವಡೆ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲವೆಂಬುದು ಅನೇಕ ಮನೆಗಳಲ್ಲಿ ನಡೆದುಬಂದ ಕಟ್ಟಳೆ. ಸಪ್ತಶತಿಯನ್ನು ಪಾರಾಯಣ ಮಾಡುವವರೂ ಮೊದಲು ಕವಚ, ಅರ್ಗಲ, ಕೀಲಕಗಳನ್ನು ಪಠಿಸುತ್ತಾರೆ. ಅರ್ಗಲವೆಂದರೆ ಅಗುಳಿ, ಕೀಲಕವೆಂದರೆ ಗೂಟ. ಅವನ್ನು ದಾಟಿದ ಮೇಲೆಯೇ ಗ್ರಂಥಪ್ರವೇಶ.

ಆದರೆ ಹಣಕ್ಕೆ ದೊರೆಯುವ ಕೀಲಿಯ ಜಾತಿಯೇ ಬೇರೆ. 2013ರಿಂದ ‘ಕೌಂಟರ್ ಸ್ಟ್ರೈಕ್’ ಎಂಬ ಆಟದಲ್ಲಿ ಮುಚ್ಚಿದ ಪೆಟ್ಟಿಗೆಯನ್ನು ತೆರೆಯುವ ಕೀಲಿಗಳು ಮಾರಾಟಕ್ಕೆ ಬಂದವು; ಒಳಗೇನಿದೆಯೆಂಬುದು ಕೇವಲ ಅದೃಷ್ಟ. ಇಂತಹ ಪೆಟ್ಟಿಗೆಗಳು ಜೂಜೇ ಸರಿಯೆಂದು 2018ರಲ್ಲಿ ಬೆಲ್ಜಿಯಂ ದೇಶದ ಅಧಿಕಾರಿಗಳು ನಿರ್ಣಯಿಸಿದರು. ಮೊಮ್ಮಗನ ಕೀಲಿ ಜೂಜಿನದಲ್ಲ, ನಿಜ. ಆದರೂ ನೂರು ರೂಪಾಯಿ ಕೊಡಲು ನನಗೆ ಕೈ ಬರಲಿಲ್ಲ. ಅದಕ್ಕೆ ಕಾರಣ ಜಿಪುಣತನವಲ್ಲ, ಹಳೆಯದೊಂದು ತಪ್ಪು.

ನಾನು ಉಪಾಧ್ಯಾಯನಾಗಿದ್ದಾಗ ಬಡಹುಡುಗನೊಬ್ಬನು ಸಂಧಿಪ್ರಕರಣದಲ್ಲಿ ಬಹಳ ತೊಡಕುತ್ತಿದ್ದನು. ಅವನ ಕಷ್ಟವನ್ನು ನೋಡಲಾರದೆ, ಪರೀಕ್ಷೆಗೆ ಬರಬಹುದಾದ ಪದಗಳನ್ನೆಲ್ಲ ನಾನೇ ಬಿಡಿಸಿ ಬರೆದುಕೊಟ್ಟೆನು. ಅವನು ಬಾಯಿಪಾಠ ಮಾಡಿ ತೇರ್ಗಡೆಯಾದನು. ಮುಂದಿನ ವರ್ಷ ಬಂದು, “ಮೇಷ್ಟ್ರೇ, ಯಾವ ಶ್ಲೋಕವೂ ತಿಳಿಯುತ್ತಿಲ್ಲ” ಎಂದವನು ಕೆಲವೇ ದಿನಗಳಲ್ಲಿ ಸಂಸ್ಕೃತವನ್ನೇ ಬಿಟ್ಟನು. ದಯೆಯೆಂದು ನಾನು ತೆರೆದುಕೊಟ್ಟುದು ಒಂದು ಬಾಗಿಲನ್ನು ಮಾತ್ರ; ಮುಂದಿನ ಬಾಗಿಲಿನಲ್ಲಿ ಅವನ ಕೈ ಬರಿದಾಗಿತ್ತು.

ಇದನ್ನು ಮೊಮ್ಮಗನಿಗೆ ಹೇಳಿದೆನು. ಅವನು ಒಪ್ಪಿದನೆನ್ನಲಾರೆ; ಮುಖ ಊದಿಸಿಕೊಂಡು ಕುಳಿತನು. ಸಂಜೆ ಕರೆಂಟು ಹೋದಾಗ ನೆಲದ ಮೇಲೆ ಸೀಮೆಸುಣ್ಣದಿಂದ ಚೌಕಾಬಾರದ ಮನೆ ಬರೆದು ಅವನನ್ನು ಕರೆದೆನು. ಎರಡು ಆಟದಲ್ಲಿಯೂ ನನ್ನನ್ನು ಸೋಲಿಸಿದನು.

ವಾಚಕಮಹಾಶಯರ ಮನೆಯ ಮಕ್ಕಳೂ ಇಂತಹ ಕೀಲಿಗೆ ಹಣ ಕೇಳಿಯಾರು. ಗದರಿಸುವ ಮೊದಲು ಪಕ್ಕದಲ್ಲಿ ಕುಳಿತು, ಅದು ಹುಡುಕಿ ಗಳಿಸುವ ಕೀಲಿಯೋ ಕೊಂಡುಕೊಳ್ಳುವ ಕೀಲಿಯೋ ಎಂದು ಕೇಳಿ ನೋಡಬೇಕೆಂದು ನನ್ನ ವಿಜ್ಞಾಪನೆ.

ನಾಲ್ಕನೆಯ ದಿನ ಹುಡುಗನಿಗೆ ಕೀಲಿ ಸಿಕ್ಕಿತು. ಕೋಟೆಯ ಒಳಗೆ ಬೀಗ ಹಾಕಿದ ಇನ್ನೊಂದು ಬಾಗಿಲಿತ್ತಂತೆ. ಅದಕ್ಕೆ ಅವನು ಹಣ ಕೇಳಲಿಲ್ಲ.