ಮಂಡಿನೋವಿಗೆ ಸಿಬಿಡಿ ಎಣ್ಣೆಯೇ?



ಈ ಸಲ ಅಡಿಗೆಯ ಮಾತು ಬೇಡ. ನನ್ನ ಕೈಯಿಂದಲೇ ಆದ ಒಂದು ತಪ್ಪನ್ನು ನಿಮ್ಮ ಹತ್ತಿರ ಹೇಳಿಕೊಳ್ಳಬೇಕಾಗಿದೆ.

ನಮ್ಮ ಅತ್ತೆಯವರ ಮಂಡಿನೋವು ಬಹಳ ಹಳೆಯದು. ಕಳೆದ ಮಳೆಗಾಲದಲ್ಲಿ ಅವರ ನರಳಾಟ ನೋಡಲಾರದೆ, ಪರಿಚಯದವರೊಬ್ಬರ ಮಾತು ಕೇಳಿ, ಮೂರು ಸಾವಿರ ರೂಪಾಯಿ ಕೊಟ್ಟು ಒಂದು ಪುಟ್ಟ ಸೀಸೆ ತರಿಸಿದೆ. ಭಂಗಿ ಗಿಡದಿಂದ ತೆಗೆದ ‘ಸಿಬಿಡಿ’ ಎಣ್ಣೆ ಅದು. ಗಿಡಮೂಲಿಕೆ ತಾನೇ, ಏನಾಗುತ್ತೆ ಅಂದುಕೊಂಡು ಬೆಳಿಗ್ಗೆ ಹತ್ತು ಹನಿ, ರಾತ್ರಿ ಹತ್ತು ಹನಿ ಅವರ ನಾಲಿಗೆಯ ಕೆಳಗೆ ಹಾಕುತ್ತ ಬಂದೆ. ಅವರೋ, ನನಗೆ ತಿಳಿಯದ ಹಾಗೆ ಮಧ್ಯಾಹ್ನವೂ ಹಾಕಿಕೊಳ್ಳುತ್ತಿದ್ದರಂತೆ!

ಮೂರನೆಯ ವಾರ ಅವರ ತೋಳಿನ ಮೇಲೆ ನೀಲಿ ಕಲೆಗಳು ಎದ್ದವು. ಹಲ್ಲುಜ್ಜಿದರೆ ಒಸಡಿನಲ್ಲಿ ರಕ್ತ. ಅವರಿಗೆ ಹೃದಯದ ಕವಾಟ ಬದಲಿಸಿದೆ. ರಕ್ತ ಹೆಪ್ಪುಗಟ್ಟದಂತೆ ದಿನಾ ವಾರ್ಫರಿನ್ ಮಾತ್ರೆ ನುಂಗುತ್ತಾರೆ. ಐಎನ್‌ಆರ್ ಪರೀಕ್ಷೆ ಮಾಡಿಸಿದರೆ, 3ರ ಆಸುಪಾಸಿನಲ್ಲಿ ಇರಬೇಕಾದದ್ದು 5 ದಾಟಿತ್ತು. ‘ಹೊಸದಾಗಿ ಏನು ಕೊಟ್ಟಿರಿ?’ ಎಂದು ಡಾಕ್ಟರು ಕೇಳಿದಾಗ ನನ್ನ ಬಾಯಿ ಒಣಗಿತು.

ಅವರು ಸಮಾಧಾನದಿಂದಲೇ ವಿವರಿಸಿದರು. ನುಂಗಿದ ಔಷಧಿಯನ್ನು ಕರಗಿಸಿ ಹೊರಹಾಕುವುದು ಯಕೃತ್ತಿನ ಕೆಲಸ. ವಾರ್ಫರಿನ್ನನ್ನು ಕರಗಿಸುವ ಕೆಲಸಕ್ಕೇ ಸಿಬಿಡಿ ಅಡ್ಡ ಬರುತ್ತದೆ. ಆಗ ಮಾತ್ರೆ ರಕ್ತದಲ್ಲಿ ಉಳಿದುಕೊಂಡು, ಒಂದು ನುಂಗಿದರೆ ಒಂದೂವರೆ ನುಂಗಿದ ಹಾಗಾಗಬಹುದು. ‘ಇದರಿಂದಲೇ ಆಯಿತು ಅಂತ ಆಣೆ ಇಟ್ಟು ಹೇಳಲಾರೆ, ಆದರೆ ಮೊದಲು ನಿಲ್ಲಿಸಿ’ ಅಂದರು. ಎಣ್ಣೆ ನಿಲ್ಲಿಸಿದೆವು, ಮಾತ್ರೆಯನ್ನು ಅವರು ಹೇಳಿದಂತೆ ಸರಿಪಡಿಸಿದೆವು. ಎರಡು ವಾರದಲ್ಲಿ ಐಎನ್‌ಆರ್ ಹತೋಟಿಗೆ ಬಂತು.

ಹಾಗಾದರೆ ಈ ಎಣ್ಣೆಯಿಂದ ನೋವಾದರೂ ಹೋಗುತ್ತದೆಯೇ? ವಿಯೆನ್ನಾ ನಗರದಲ್ಲಿ ಮಂಡಿ ಸವೆದ 86 ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲ 2023ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ ದಿನಕ್ಕೆ 600 ಮಿಲಿಗ್ರಾಂ ಸಿಬಿಡಿ, ಉಳಿದವರಿಗೆ ಅದರಂತೆಯೇ ಕಾಣುವ ಹುಸಿ ಔಷಧಿ. ಎಂಟು ವಾರವಾದರೂ ನೋವಿನಲ್ಲಿ ಇಬ್ಬರಿಗೂ ವ್ಯತ್ಯಾಸವಿರಲಿಲ್ಲ. ಈಗ ಲೆಕ್ಕ ಹಾಕಿ: ನನ್ನ ಸೀಸೆಯಲ್ಲಿ ಇದ್ದದ್ದೇ ಒಟ್ಟು 1000 ಮಿಲಿಗ್ರಾಂ. ಅಂದರೆ ಅವರಿಗೆ ಎರಡು ದಿನಕ್ಕೂ ಸಾಲದಷ್ಟು!

ಚೀಟಿಯಲ್ಲಿ ಬರೆದಷ್ಟು ಒಳಗಿರುತ್ತದೆ ಎಂಬ ನಂಬಿಕೆಯೂ ಇಲ್ಲ. ಅಮೆರಿಕದ ಸಂಶೋಧಕರು ಇಂಟರ್‌ನೆಟ್ಟಿನಲ್ಲಿ 84 ಸಿಬಿಡಿ ಪದಾರ್ಥಗಳನ್ನು ಕೊಂಡು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ಚೀಟಿಯ ಪ್ರಮಾಣ ಸರಿಯಿದ್ದದ್ದು 26ರಲ್ಲಿ ಮಾತ್ರ. 18ರಲ್ಲಿ ಅಮಲು ತರುವ ಟಿಎಚ್‌ಸಿ ಕೂಡ ಸಿಕ್ಕಿತು.

ಸಿಬಿಡಿ ಪೂರ್ತಿ ನಿಷ್ಪ್ರಯೋಜಕ ಅಂತಲ್ಲ. ಮಕ್ಕಳನ್ನು ಕಾಡುವ ಎರಡು ಅಪರೂಪದ, ಕಠಿಣ ಮೂರ್ಛೆರೋಗಗಳಿಗೆ ಶುದ್ಧ ಸಿಬಿಡಿಯ ಎಪಿಡಿಯೊಲೆಕ್ಸ್ ಎಂಬ ಔಷಧಿಗೆ 2018ರಲ್ಲಿ ಅಮೆರಿಕ ಸರ್ಕಾರ ಒಪ್ಪಿಗೆ ಕೊಟ್ಟಿತು. ಅದನ್ನೂ ತೂಕಕ್ಕೆ ತಕ್ಕಂತೆ ಅಳೆದು, ಯಕೃತ್ತಿನ ಪರೀಕ್ಷೆ ಮಾಡಿಸುತ್ತಾ ಕೊಡುತ್ತಾರೆ.

ಕೊಳ್ಳುವ ಮುಂಚೆ ಇಷ್ಟು ನೆನಪಿರಲಿ:

● ನಮ್ಮಲ್ಲಿ ಇದು ‘ವಿಜಯಾ’ ಎಂಬ ಹೆಸರಿನಲ್ಲಿ ಆಯುರ್ವೇದ ಔಷಧಿಯಾಗಿ ಬರುತ್ತದೆ. ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕೆಂಬ ಎಚ್ಚರಿಕೆ ನನ್ನ ಸೀಸೆಯ ಮೇಲೆ ಇಂಗ್ಲಿಷು, ಹಿಂದಿಯಲ್ಲಿತ್ತು. ಸಣ್ಣಕ್ಷರ, ನಾನು ಓದಲಿಲ್ಲ. ನೀವು ಓದಿ.

● ಹೆಂಪ್ ಬೀಜದ ಎಣ್ಣೆಯೇ ಬೇರೆ. 2021ರಲ್ಲಿ ಅದಕ್ಕೆ ಆಹಾರವಾಗಿ ಅನುಮತಿ ಸಿಕ್ಕಿದೆ. ಅದು ನೋವಿನ ಔಷಧಿಯಲ್ಲ.

● ರಕ್ತ ತೆಳುಮಾಡುವ ಮಾತ್ರೆ, ಮೂರ್ಛೆಯ ಮಾತ್ರೆ, ನಿದ್ರೆಯ ಮಾತ್ರೆ ತೆಗೆದುಕೊಳ್ಳುವವರು, ಯಕೃತ್ತಿನ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಬೇಡವೇ ಬೇಡ.

● ಅಮೆರಿಕದಲ್ಲಿರುವ ಮಗಳು ‘ಇಲ್ಲಿ ಅಂಗಡಿಯಲ್ಲೇ ಸಿಗುತ್ತೆ, ತರಲಾ ಅಮ್ಮಾ?’ ಅಂದರೆ ಬೇಡ ಅನ್ನಿ. ನಮ್ಮಲ್ಲಿ 1985ರ ಮಾದಕವಸ್ತು ಕಾಯಿದೆ ಇದೆ. ವಿಮಾನನಿಲ್ದಾಣದಲ್ಲಿ ಮಗಳು ಸಿಕ್ಕಿಹಾಕಿಕೊಂಡಾಳು.

ಈಗ ಅತ್ತೆಯವರು ಕುರ್ಚಿಯಲ್ಲಿ ಕೂತು, ಕಾಲು ನೀಟಾಗಿ ಚಾಚಿ ಐದು ಎಣಿಸುವವರೆಗೆ ಹಿಡಿದು ಇಳಿಸುತ್ತಾರೆ. ಒಂದೊಂದು ಕಾಲಿಗೆ ಹತ್ತು ಸಲ, ದಿನಕ್ಕೆರಡು ಹೊತ್ತು. ರಾತ್ರಿ ಹದವಾದ ಬಿಸಿಯ ಉಪ್ಪಿನ ಗಂಟಿನ ಶಾಖ. ನೋವು ಮಾಯವಾಗಿಲ್ಲ, ಆದರೆ ದೇವರಮನೆಯ ಮೆಟ್ಟಿಲು ತಾವೇ ಹತ್ತುತ್ತಾರೆ.

ಕೊನೆಗೊಂದು ಮಾತು. ಮನೆಯ ಹಿರಿಯರು ನುಂಗುವ ಮಾತ್ರೆಗಳ ಹೆಸರನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಅಡಿಗೆಮನೆಯ ಗೋಡೆಗೆ ಅಂಟಿಸಿ. ಹೊಸ ಔಷಧಿ, ಎಣ್ಣೆ, ಲೇಹ್ಯ ಯಾವುದೇ ಬರಲಿ, ಆ ಚೀಟಿ ಹಿಡಿದು ಡಾಕ್ಟರನ್ನು ಒಮ್ಮೆ ಕೇಳಿ. ನಾನು ಕೇಳಿರಲಿಲ್ಲ.