ದಾನಿಯ ಜೇಬು ತೂತಾದಾಗ

ಕೊಲ್ಲಿ ದೇಶದ ದೊಡ್ಡ ಉದ್ಯಮಿ ಅಂದ ಕೂಡಲೇ ನಮ್ಮ ಕಣ್ಮುಂದೆ ಬರುವುದು ಬಿಳಿ ನಿಲುವಂಗಿಯ ಶೇಖ್. ಆದರೆ ಅಬುಧಾಬಿಯ ದೊಡ್ಡ ಕಂಪನಿಗಳ ಸಾಲಿನಲ್ಲಿ ಬಹಳ ವರ್ಷ ಮೆರೆದದ್ದು ನಮ್ಮ ಕಾಪುವಿನ ಬಿ. ಆರ್. ಶೆಟ್ಟರ ಹೆಸರು. ನಮ್ಮ ಹೆಮ್ಮರಗಾಲದ ಕಡೆಯವರಿಗೆ ದುಬೈ, ಅಬುಧಾಬಿ ಎಲ್ಲ ಟಿವಿಯಲ್ಲಿ ನೋಡುವ ಊರುಗಳು. ಕರಾವಳಿಯವರಿಗೆ ಹಾಗಲ್ಲ, ಮನೆಗೊಬ್ಬರು ಅಲ್ಲಿರುತ್ತಾರೆ. ಹಾಗಾಗಿ ಶೆಟ್ಟರ ಕಥೆ ಅಲ್ಲಿ ಪುರಾಣದಷ್ಟೇ ಪ್ರಸಿದ್ಧ.

ಉಡುಪಿ ಪುರಸಭೆಯ ಉಪಾಧ್ಯಕ್ಷರಾಗಿದ್ದವರು 1973ರಲ್ಲಿ ಅಬುಧಾಬಿಗೆ ಹೋಗಿ ಔಷಧಿ ಮಾರಿದರು. 1975ರಲ್ಲಿ ಎನ್‌ಎಂಸಿ ಶುರುವಾಯಿತು. ಅಲ್ಲಿ ಮೊದಲ ಡಾಕ್ಟರು ಅವರ ಹೆಂಡತಿಯೇ. 2009ರಲ್ಲಿ ಪದ್ಮಶ್ರೀ. 2012ರಲ್ಲಿ ಎನ್‌ಎಂಸಿ ಲಂಡನ್ ಷೇರುಪೇಟೆಗೆ ಹೋಯಿತು, 2017ರಲ್ಲಿ ಅಲ್ಲಿನ ಮೊದಲ ನೂರು ಕಂಪನಿಗಳ ಪಟ್ಟಿಗೂ ಸೇರಿತು.

ಮುಂದಿನದು ನಿಮಗೂ ಗೊತ್ತಿರಬಹುದು. 2019ರ ಡಿಸೆಂಬರ್‌ನಲ್ಲಿ ಮಡ್ಡಿ ವಾಟರ್ಸ್ ಎಂಬ ಸಂಸ್ಥೆ ಕಂಪನಿಯ ಲೆಕ್ಕಪತ್ರದ ಬಗ್ಗೆ ಅನುಮಾನ ಎತ್ತಿತು. ಸುಮಾರು 210 ಕೋಟಿ ಡಾಲರ್ ಅಂತ ತೋರಿಸಿದ್ದ ಸಾಲ 2020ರ ಮಾರ್ಚ್ ಹೊತ್ತಿಗೆ 660 ಕೋಟಿ ಡಾಲರ್ ಆಗಿತ್ತು! ಏಪ್ರಿಲ್‌ನಲ್ಲಿ ಲಂಡನ್ ಕೋರ್ಟು ಕಂಪನಿಯನ್ನು ಆಡಳಿತಾಧಿಕಾರಿಗಳ ಕೈಗೆ ಕೊಟ್ಟಿತು. ಮೋಸ ಮಾಡಿದ್ದು ತನ್ನ ಕೈಕೆಳಗಿನವರು, ತಾನಲ್ಲ ಅನ್ನುವುದು ಶೆಟ್ಟರ ವಾದ. ಆಡಳಿತಾಧಿಕಾರಿಗಳು ಅವರ ಮೇಲೂ ದಾವೆ ಹೂಡಿದ್ದಾರೆ. 2025ರ ಅಕ್ಟೋಬರ್‌ನಲ್ಲಿ ದುಬೈನ ಡಿಐಎಫ್‌ಸಿ ನ್ಯಾಯಾಲಯ ಸ್ಟೇಟ್ ಬ್ಯಾಂಕಿನ ಸಾಲದ ವಿಷಯದಲ್ಲಿ ಅವರ ಮಾತು ನಂಬದೆ, ಸುಮಾರು 4.6 ಕೋಟಿ ಡಾಲರ್ ಕಟ್ಟಿ ಅಂತ ಆದೇಶಿಸಿತು.

ಶೆಟ್ಟರು ಕಳ್ಳರೋ ಸಾಹುಕಾರರೋ ಅನ್ನುವ ಜಗಳ ಕೋರ್ಟಿಗೆ ಬಿಡೋಣ. ನನ್ನ ತಕರಾರು ಉಡುಪಿಯ ಆಸ್ಪತ್ರೆಯದು.

1906ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಸ್ಥಾಪಿಸಿದ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಸರ್ಕಾರಿ ಆಸ್ಪತ್ರೆಗೆ ಜಾಗ ಕೊಟ್ಟಿದ್ದರು. ಅವರ ಹೆಸರಿನ ಆ ಆಸ್ಪತ್ರೆಯನ್ನು ಕಟ್ಟಿ ನಡೆಸುವ ಹೊಣೆಯನ್ನು ನಮ್ಮ ರಾಜ್ಯ ಸರ್ಕಾರ ಶೆಟ್ಟರ ಸಂಸ್ಥೆಗೆ ಒಪ್ಪಿಸಿತು. ಹೊಸ 200 ಹಾಸಿಗೆಯ ತಾಯಿ-ಮಕ್ಕಳ ಆಸ್ಪತ್ರೆ, ಚಿಕಿತ್ಸೆ ಪೂರ್ತಿ ಉಚಿತ. ಬದಲಿಗೆ ಪಕ್ಕದ ಜಾಗದಲ್ಲಿ ಅವರು ಖಾಸಗಿ ಆಸ್ಪತ್ರೆ ಕಟ್ಟಿಕೊಳ್ಳಬಹುದು. ಊರಿನಲ್ಲಿ ವಿರೋಧ ಬಂತು. 'ಪುಕ್ಕಟೆ ಕೊಡೋರನ್ನೂ ಬೇಡ ಅಂತಾರಲ್ಲ' ಅನ್ನುವವರೂ ಇದ್ದರು. 2017ರಲ್ಲಿ ಆಸ್ಪತ್ರೆ ಶುರುವಾಯಿತು. ಬಡ ಬಾಣಂತಿಯರಿಗೆ ನಿಜಕ್ಕೂ ಉಪಕಾರವಾಯಿತು, ಇಲ್ಲ ಅನ್ನಬಾರದು.

ಅಬುಧಾಬಿಯಲ್ಲಿ ದುಡ್ಡು ನಿಂತಾಗ ಇಲ್ಲಿ ನರ್ಸುಗಳ ಸಂಬಳ ನಿಂತಿತು. ಸಿಬ್ಬಂದಿ ಧರಣಿ ಕೂತರು. ಪಕ್ಕದ ಖಾಸಗಿ ಕಟ್ಟಡ ಅರ್ಧಕ್ಕೇ ನಿಂತಿತು. ಕೊನೆಗೆ ಸರ್ಕಾರವೇ ಆಸ್ಪತ್ರೆಯನ್ನು ವಾಪಸ್ ವಹಿಸಿಕೊಳ್ಳಬೇಕಾಯಿತು.

ತಮಾಷೆ ನೋಡಿ... ಮೂಲ ಕಂಪನಿಯೇ ಮುಳುಗಿದರೂ ಅಬುಧಾಬಿಯಲ್ಲಿ ಎನ್‌ಎಂಸಿ ಆಸ್ಪತ್ರೆಗಳು ಬಾಗಿಲು ಹಾಕಲಿಲ್ಲ. ಅಲ್ಲಿನ ಕೋರ್ಟು ಆಡಳಿತಾಧಿಕಾರಿಗಳನ್ನು ನೇಮಿಸಿತು, ಕೋವಿಡ್ ನಡುವೆಯೂ ಆಸ್ಪತ್ರೆಗಳು ನಡೆದವು, 2022ರಲ್ಲಿ ಸಾಲ ಕೊಟ್ಟವರೇ ಮಾಲೀಕರಾದರು. ವ್ಯಾಪಾರಕ್ಕೆ ನಡೆಯುತ್ತಿದ್ದ ಆಸ್ಪತ್ರೆಗೆ ಕಾನೂನಿನ ಆಸರೆ ಇತ್ತು. ಧರ್ಮಕ್ಕೆ ನಡೆಯುತ್ತಿದ್ದ ಆಸ್ಪತ್ರೆಗೆ ಇದ್ದದ್ದು ಒಬ್ಬರ ಜೇಬು ಮಾತ್ರ.

ನಮ್ಮ ಸಾಫ್ಟ್‌ವೇರ್‌ನವರು ಸಣ್ಣ ವೆಬ್‌ಸೈಟಿಗೂ ಒಂದು ಸರ್ವರ್ ಬಿದ್ದರೆ ಇನ್ನೊಂದಿರಲಿ ಅಂತ ಇಡುತ್ತೇವೆ. ಹೆರಿಗೆ ಆಸ್ಪತ್ರೆಗೆ ಅಷ್ಟೂ ಬೇಡವೇ?

ದಾನ ತೆಗೆದುಕೊಳ್ಳಬೇಡಿ ಅನ್ನುತ್ತಿಲ್ಲ. ಹಾಜಿ ಅಬ್ದುಲ್ಲಾರದ್ದೂ ದಾನವೇ. ಅವರು ಕೊಟ್ಟ ಮೇಲೆ ಅದು ಸರ್ಕಾರದ್ದಾಯಿತು, ಅವರ ಕಾಲದ ನಂತರವೂ ಆಸ್ಪತ್ರೆ ನಡೆಯಿತು. ದಾನಿ ಕಟ್ಟಡ ಕಟ್ಟಿಕೊಡಲಿ, ಹೆಸರು ಎಷ್ಟು ದಪ್ಪಕ್ಷರದಲ್ಲಿ ಬೇಕಾದರೂ ಬರೆಸಿಕೊಳ್ಳಲಿ :-) ಆದರೆ ಸಂಬಳ, ಔಷಧಿಯ ಖರ್ಚು ಸರ್ಕಾರದ ಬಜೆಟ್ಟಿನಲ್ಲೇ ಇರಲಿ. ನಡೆಸುವುದೂ ದಾನಿಯೇ ಅಂತಾದರೆ ಕೆಲವು ವರ್ಷದ ಖರ್ಚನ್ನು ಮೊದಲೇ ಠೇವಣಿ ಇಡಿಸಿಕೊಳ್ಳಲಿ. ಮನೆ ಬಾಡಿಗೆಗೆ ಕೊಡುವಾಗಲೇ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಊರು ನಮ್ಮ ಬೆಂಗಳೂರು. ಅಲ್ಲೇ ಕೂತಿರುವ ಸರ್ಕಾರಕ್ಕೆ ಇದು ಹೊಳೆಯಲಿಲ್ಲವೇ?

ನೀವೇನಂತೀರಿ? ಉಡುಪಿ ಕಡೆಯವರು ಇದ್ದರೆ ಖಂಡಿತ ಬರೆಯಿರಿ.